ಉಪ್ಪಳಕ್ಕೆ ನಗರಸಭೆ ಬೇಕಾ? ಬಂದರೆ ಯಾರಿಗೆ ಯಾವ ಅಧಿಕಾರ?

ಪೇಟೆಬದಿ

ಉಪ್ಪಳದವರೂ ಮಂಜೇಶ್ವರ ತಾಲೂಕಿನವರೂ ಸ್ವಲ್ಪ ಸಮಯ ಮಾಡಿ ಇದನ್ನು ಓದಿ. ಒಂದೆರಡು ಸಾಲಿನಲ್ಲಿ ಮುಗಿಯುವ ವಿಷಯ ಅಲ್ಲ.

2014ರಲ್ಲಿ ಕೇರಳದ ಕಾಸರಗೋಡು ಜಿಲ್ಲೆಯಲ್ಲಿ ನಮ್ಮ ಮಂಜೇಶ್ವರ ತಾಲೂಕು ಆಯಿತು. ತಾಲೂಕು ಕಚೇರಿ ಬಂದದ್ದು ಉಪ್ಪಳಕ್ಕೆ. ರೈಲ್ವೇ ಸ್ಟೇಷನ್ ಉಂಟು, ಬಸ್ ಸ್ಟ್ಯಾಂಡ್ ಉಂಟು, ಹೆದ್ದಾರಿ 66 ಪೇಟೆಯ ಮಧ್ಯದಲ್ಲೇ ಹೋಗುತ್ತದೆ. 2011ರ ಜನಗಣತಿಯವರು ಉಪ್ಪಳವನ್ನು ಪಟ್ಟಣ ಅಂತಲೇ ಬರೆದುಕೊಂಡು ಹೋದರು. ಆದರೆ ಈ ಪೇಟೆಗೆ ಅಂತ ಒಂದು ಆಡಳಿತ ಇಲ್ಲ. ಕಾನೂನಿನ ಲೆಕ್ಕದಲ್ಲಿ ನಾವು ಮಂಗಲ್ಪಾಡಿ ಗ್ರಾಮ ಪಂಚಾಯತಿನ ಕೆಲವು ವಾರ್ಡುಗಳು, ಅಷ್ಟೇ.

ನನ್ನದು ಪೇಟೆಯಲ್ಲಿ ಸಣ್ಣ ಹಾರ್ಡ್‌ವೇರ್ ಅಂಗಡಿ. ಬೆಳಿಗ್ಗೆ ಶಟರ್ ಎತ್ತುವ ಹೊತ್ತಿಗೆ ಸಾಮಾನು ಇಳಿಸುವ ಪಿಕಪ್, ಶಾಲೆ ಬಸ್ಸು, ಮೀನಿನ ಗಾಡಿ, ತಾಲೂಕು ಕಚೇರಿಗೆ ಬಂದವರ ಸ್ಕೂಟರು ಎಲ್ಲವೂ ಒಂದೇ ಸರ್ವೀಸ್ ರಸ್ತೆಯಲ್ಲಿ. ಜೋರು ಮಳೆ ಬಂದರೆ ನೀರು ಅಂಗಡಿ ಮೆಟ್ಟಿಲಿನವರೆಗೆ ಬಂದು ನಿಲ್ಲುತ್ತದೆ. ಯಾರಿಗೆ ಹೇಳಬೇಕು ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಕಚೇರಿಯ ಹೆಸರು ಹೇಳುತ್ತಾರೆ. ಪಾರ್ಕಿಂಗಿಗೆ ಜಾಗ ಗುರುತಿಸುವುದು, ಮಾರ್ಕೆಟ್ಟಿಗೆ ಜಾಗ ನೋಡುವುದು, ಮುಂದಿನ ಇಪ್ಪತ್ತು ವರ್ಷಕ್ಕೆ ರಸ್ತೆ ಎಲ್ಲಿ ಬರಬೇಕು ಅಂತ ಯೋಚಿಸುವುದು, ಇದೆಲ್ಲ ಪೇಟೆಯ ಕೆಲಸ. ಪೇಟೆಯ ಕೆಲಸ ಮಾಡಲಿಕ್ಕೆ ಪೇಟೆಯ ಆಡಳಿತ ಬೇಕು.

ನನ್ನ ಅಭಿಪ್ರಾಯ ನೇರ ಹೇಳುತ್ತೇನೆ. ನಗರಸಭೆ ಆಗಬೇಕು. ಆದರೆ ಗಡಿ ಎಲ್ಲಿಗೆ, ವಾರ್ಡು ಹೇಗೆ, ಕನ್ನಡದಲ್ಲಿ ಕಾಗದ ಸಿಗುತ್ತದಾ, ಈ ಮೂರು ಮಾತು ಸರ್ಕಾರದ ಆದೇಶ ಬರುವ ಮೊದಲೇ ಊರಿನಲ್ಲಿ ತೀರ್ಮಾನ ಆಗಬೇಕು. ಗೊತ್ತಿದ್ದವರು ಹೇಳಿ. ವಿರೋಧ ಇದ್ದವರೂ ಹೇಳಿ.

ಹಳೇಫೈಲು

ಪೇಟೆಬದಿಯವರೇ, ಒಳ್ಳೆ ವಿಷಯ ಎತ್ತಿದ್ದೀರಿ. ನಾನು ಪಂಚಾಯತ್ ಕಚೇರಿಗಳಲ್ಲಿ ಗುಮಾಸ್ತನಾಗಿ ಇದ್ದು ನಿವೃತ್ತಿಯಾದವನು. ಮೊದಲು ಒಂದು ಗೊಂದಲ ಬಿಡಿಸಬೇಕು.

ಜನಗಣತಿಯವರು ಪಟ್ಟಣ ಅಂತ ಕರೆಯುವುದಕ್ಕೆ ಅವರದ್ದೇ ಅಳತೆ ಉಂಟು. ಜನಸಂಖ್ಯೆ ಕನಿಷ್ಠ 5,000, ಚದರ ಕಿಲೋಮೀಟರಿಗೆ ಕನಿಷ್ಠ 400 ಮಂದಿ, ದುಡಿಯುವ ಗಂಡಸರಲ್ಲಿ ನೂರಕ್ಕೆ 75 ಮಂದಿಯಾದರೂ ಕೃಷಿ ಬಿಟ್ಟು ಬೇರೆ ಕೆಲಸದಲ್ಲಿ ಇರಬೇಕು. ಈ ಅಳತೆಗೆ ಸಿಕ್ಕಿದ ಊರು ಜನಗಣತಿ ಪಟ್ಟಣ. ಕೇರಳದಲ್ಲಿ 2001ರಲ್ಲಿ ಇಂಥವು 99 ಇದ್ದವು, 2011ಕ್ಕೆ 461 ಆದವು. ಅದರಿಂದ ಒಂದು ರೂಪಾಯಿ ಅನುದಾನವೂ ಬರುವುದಿಲ್ಲ, ಒಂದು ಅಧಿಕಾರವೂ ಬರುವುದಿಲ್ಲ. ಅದು ಲೆಕ್ಕದ ಪುಸ್ತಕದ ಮಾತು.

ನಗರಾಡಳಿತ ಬರಬೇಕಾದರೆ ಬೇರೆ ದಾರಿ. ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಿಂದ ಜಾರಿಗೆ ಬಂತು. ಅದರಲ್ಲಿ 243ಕ್ಯೂ ಅಂತ ಒಂದು ವಿಧಿ. ಹಳ್ಳಿಯಿಂದ ಪಟ್ಟಣಕ್ಕೆ ತಿರುಗುತ್ತಿರುವ ಜಾಗಕ್ಕೆ ನಗರ ಪಂಚಾಯತ್, ಸಣ್ಣ ಪಟ್ಟಣಕ್ಕೆ ನಗರಸಭೆ, ದೊಡ್ಡದಕ್ಕೆ ಮಹಾನಗರಪಾಲಿಕೆ. ಜನಸಂಖ್ಯೆ, ದಟ್ಟಣೆ, ಸ್ಥಳೀಯ ಆಡಳಿತಕ್ಕೆ ಬರುವ ಆದಾಯ, ಕೃಷಿಯೇತರ ಉದ್ಯೋಗ, ಊರಿನ ಆರ್ಥಿಕ ಮಹತ್ವ ಇವನ್ನು ನೋಡಿ ರಾಜ್ಯಪಾಲರ ಹೆಸರಿನಲ್ಲಿ ಅಧಿಸೂಚನೆ ಹೊರಡುತ್ತದೆ. ಕೇರಳದಲ್ಲಿ ಇದಕ್ಕೆ 1994ರ ಮುನಿಸಿಪಾಲಿಟಿ ಕಾಯ್ದೆ. ಆ ಕಾಯ್ದೆಯಲ್ಲೂ ಸಣ್ಣ ಪೇಟೆಗೆ ಪಟ್ಟಣ ಪಂಚಾಯತ್ ಮಾಡಬಹುದು ಅಂತ ಉಂಟು. ಆದರೆ ಇವತ್ತಿಗೆ ಇಡೀ ರಾಜ್ಯದಲ್ಲಿ ಒಂದೇ ಒಂದು ಪಟ್ಟಣ ಪಂಚಾಯತ್ ಇಲ್ಲ. 941 ಗ್ರಾಮ ಪಂಚಾಯತ್, 87 ನಗರಸಭೆ, 6 ಮಹಾನಗರಪಾಲಿಕೆ. ನಡುವಿನ ಮೆಟ್ಟಿಲು ಕಾಗದದಲ್ಲಿ ಮಾತ್ರ.

ತಲಪಾಡಿ ಗೇಟು

ಇದೇ ನನಗೆ ಬೇಜಾರು. ನಮ್ಮಿಂದ ನಾಲ್ಕು ಹೆಜ್ಜೆ ಆಚೆ ಕೋಟೆಕಾರಿಗೆ ಪಟ್ಟಣ ಪಂಚಾಯತ್ ಉಂಟು. ವಿಟ್ಲಕ್ಕೂ ಉಂಟು. ಕರ್ನಾಟಕದ 1964ರ ಪುರಸಭೆ ಕಾಯ್ದೆಯಲ್ಲಿ 10,000ದಿಂದ 20,000 ಜನ ಇರುವ ಊರಿಗೆ ಪಟ್ಟಣ ಪಂಚಾಯತ್. ಈಚೆ ಅದಕ್ಕಿಂತ ದೊಡ್ಡ ಪೇಟೆಗಳು ಗ್ರಾಮ ಪಂಚಾಯತಿನಲ್ಲೇ ಉಳಿದಿವೆ. ಹೊಸಂಗಡಿ, ಕುಂಬಳೆ, ಉಪ್ಪಳ ಎಲ್ಲ ಹಾಗೇ.

ಗುಡ್ಡೆತೋಟ

ನಾನು ಇದೇ ಪಂಚಾಯತಿನ ಒಳಗಿನ ವಾರ್ಡಿನವನು. ಅಡಿಕೆ, ತೆಂಗು, ಸ್ವಲ್ಪ ಕಾಳುಮೆಣಸು. ಪೇಟೆಯವರು ಬರೆದದ್ದು ಓದಿದರೆ ಎಲ್ಲರೂ ಹೆದ್ದಾರಿ ಬದಿಯಲ್ಲೇ ಇದ್ದೇವೆ ಅಂತ ಅನ್ನಿಸುತ್ತದೆ. ನಮ್ಮಲ್ಲಿ ಈಗಲೂ ಮಳೆಗಾಲದಲ್ಲಿ ಕಾಲುಸಂಕ ದಾಟಿ ಶಾಲೆಗೆ ಹೋಗುವ ಮಕ್ಕಳಿದ್ದಾರೆ.

ನಗರಸಭೆ ಆದರೆ ಮೊದಲು ಏರುವುದು ತೆರಿಗೆ. 2023ರಲ್ಲಿ ಕಟ್ಟಡ ತೆರಿಗೆ ಪರಿಷ್ಕರಣೆ ಆದಾಗ ಮನೆಗಳಿಗೆ ಪಂಚಾಯತಿನಲ್ಲಿ ಚದರ ಮೀಟರಿಗೆ 6ರಿಂದ 10 ರೂಪಾಯಿ ಅಂತ ಮಿತಿ ಇಟ್ಟರು, ನಗರಸಭೆಯಲ್ಲಿ 8ರಿಂದ 17. ಮೇಲಿಂದ ವರ್ಷಕ್ಕೆ ಶೇಕಡ 5 ಏರಿಕೆ. ಅಂಗಡಿಯವರಿಗೆ ವ್ಯಾಪಾರ ಬರುತ್ತದೆ, ಕಟ್ಟುತ್ತಾರೆ. ಕೊಳೆರೋಗ ಬಂದು ಅಡಿಕೆ ಉದುರಿದ ವರ್ಷ ನಾವು ಎಲ್ಲಿಂದ ಕಟ್ಟುವುದು? ನಮಗೆ ಬೇಕಾದ್ದು ತೋಟಕ್ಕೆ ಹೋಗುವ ರಸ್ತೆ, ಕೃಷಿ ಭವನದಲ್ಲಿ ಸಮಯಕ್ಕೆ ಸರಿಯಾಗಿ ಸುಣ್ಣ ಗೊಬ್ಬರ. ಅದಕ್ಕೆ ಪಂಚಾಯತ್ ಸಾಕು.

ಅಯಲ್ಕೂಟದ ಅಕ್ಕ

ಗುಡ್ಡೆತೋಟದ ಅಣ್ಣ ಹೇಳಿದ ಮಾತಿಗೆ ನನ್ನದೊಂದು ಸೇರಿಸುತ್ತೇನೆ. ತೊಳಿಲುರಪ್ಪಿನ, ಅಂದರೆ ಗ್ರಾಮೀಣ ಉದ್ಯೋಗ ಖಾತರಿಯ ಕೆಲಸಕ್ಕೆ ಹೋಗುವ ಹೆಂಗಸರ ಬಗ್ಗೆ ಇಲ್ಲಿ ಯಾರೂ ಮಾತಾಡಿಲ್ಲ.

ನಮ್ಮ ಗುಂಪಿನಲ್ಲಿ ಐವತ್ತು ದಾಟಿದವರೇ ಜಾಸ್ತಿ. ಬೆಳಿಗ್ಗೆ ಕತ್ತಿ, ಹಾರೆ, ಊಟದ ಡಬ್ಬಿ ಹಿಡಿದು ಬರುತ್ತಾರೆ. ಕೆಲಸ ನೋಡಿಕೊಳ್ಳುವ ಮೇಟ್ ಹಾಜರಿಗೆ ಮೊಬೈಲಿನಲ್ಲಿ ಒಂದು ಫೋಟೋ ಹೊಡೆಯಬೇಕು, ಮಧ್ಯಾಹ್ನದ ನಂತರ ಇನ್ನೊಂದು. ನೆಟ್‌ವರ್ಕ್ ಸಿಗದಿದ್ದರೆ ಗುಡ್ಡೆ ಹತ್ತಿ ನಿಲ್ಲುತ್ತಾರೆ. ಆ ಹಣದಲ್ಲಿ ಮದ್ದು ತರುವವರು ಇದ್ದಾರೆ, ಮೊಮ್ಮಕ್ಕಳ ಪುಸ್ತಕ ತರುವವರು ಇದ್ದಾರೆ. ಈ ಕೆಲಸ ಗ್ರಾಮೀಣ ಪ್ರದೇಶಕ್ಕೆ ಮಾತ್ರ. ನಗರಸಭೆ ಅಂತ ಬೋರ್ಡು ಬಿದ್ದ ದಿನ ಇದು ನಿಲ್ಲುತ್ತದೆ. ಆ ಹೆಂಗಸರನ್ನು ಯಾರು ಕೇಳಿದ್ದೀರಿ?

ಪೇಟೆಬದಿ

ಅಕ್ಕ, ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಇದನ್ನು ಬಿಟ್ಟು ನಗರಸಭೆಯ ಮಾತು ಆಡಬಾರದು. ಇದಕ್ಕೆ ಬೇರೆ ವ್ಯವಸ್ಥೆ ಉಂಟಾ, ಗೊತ್ತಿದ್ದವರು ಹೇಳಿ.

ವಿದ್ಯಾನಗರ ವಕೀಲೆ

ಉಂಟು. ಕೇರಳದಲ್ಲಿ 2010ರಿಂದ ಅಯ್ಯಂಕಾಳಿ ನಗರ ಉದ್ಯೋಗ ಖಾತರಿ ಯೋಜನೆ ಇದೆ. ನಗರಸಭೆ, ಮಹಾನಗರಪಾಲಿಕೆಯಲ್ಲಿ ಇರುವ ಕುಟುಂಬಕ್ಕೆ ವರ್ಷಕ್ಕೆ 100 ದಿನದ ಕೆಲಸ. ಆದರೆ ಅಕ್ಕನ ಭಯಕ್ಕೆ ಕಾರಣ ಉಂಟು. ಗ್ರಾಮೀಣ ಯೋಜನೆಯ ಹಿಂದೆ ಕೇಂದ್ರದ ಕಾನೂನು ಮತ್ತು ಕೇಂದ್ರದ ಹಣ ಎರಡೂ ಇವೆ. ನಗರದ್ದು ರಾಜ್ಯದ ಯೋಜನೆ, ರಾಜ್ಯದ ಬಜೆಟ್ ನೋಡಿಕೊಂಡು ನಡೆಯುವಂಥದ್ದು. ಹೊಸ ನಗರಸಭೆಯಲ್ಲಿ ಅದರ ನೋಂದಣಿ ಮೊದಲ ದಿನವೇ ಶುರು ಆಗಬೇಕು ಅಂತ ಬೇಡಿಕೆ ಇಡಬಹುದು. ಹಳೆಯದು ನಿಂತು ಹೊಸದು ಶುರುವಾಗುವ ನಡುವೆ ತಿಂಗಳುಗಟ್ಟಲೆ ಖಾಲಿ ಕೂರಬಾರದು.

ಈಗ ಅಧಿಕಾರದ ವಿಷಯ. ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ನಗರಸಭೆ ಅಂದರೆ ದೊಡ್ಡ ಪಂಚಾಯತ್ ಅಂತ ತುಂಬಾ ಜನ ತಿಳಿದಿದ್ದಾರೆ.

ಕಳೆದ ಸ್ಥಳೀಯ ಚುನಾವಣೆಯಲ್ಲಿ, ಅಂದರೆ 2025ರ ಡಿಸೆಂಬರಿನಲ್ಲಿ, ನಿಮ್ಮ ಬೂತಿನಲ್ಲಿ ಏನು ನೋಡಿದಿರಿ ನೆನಪಿಸಿಕೊಳ್ಳಿ. ಮೂರು ಮತಯಂತ್ರದ ಪೆಟ್ಟಿಗೆ. ಬಿಳಿ ಹಾಳೆ ಅಂಟಿಸಿದ್ದು ಗ್ರಾಮ ಪಂಚಾಯತಿಗೆ, ಗುಲಾಬಿ ಬಣ್ಣದ್ದು ಕೆಲವು ಗ್ರಾಮ ಪಂಚಾಯತ್ ಸೇರಿದ ಬ್ಲಾಕ್ ಪಂಚಾಯತಿಗೆ, ತಿಳಿನೀಲಿ ಜಿಲ್ಲಾ ಪಂಚಾಯತಿಗೆ. ಕಾಸರಗೋಡು ನಗರಸಭೆಯಲ್ಲಿ ಒಂದೇ ಪೆಟ್ಟಿಗೆ, ಒಂದೇ ಮತ. ಯಾಕೆಂದರೆ ನಗರಸಭೆ ಬ್ಲಾಕ್ ಪಂಚಾಯತಿನ ಒಳಗೂ ಬರುವುದಿಲ್ಲ, ಜಿಲ್ಲಾ ಪಂಚಾಯತಿನ ಒಳಗೂ ಬರುವುದಿಲ್ಲ. ಮೂರು ಕಡೆ ಹಂಚಿಹೋದ ಕೆಲಸ ಒಂದೇ ಕಡೆ ಬರುತ್ತದೆ.

ಉದಾಹರಣೆಗೆ ತಾಲೂಕು ಆಸ್ಪತ್ರೆ ನೋಡಿ. ಕೇರಳದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರ ಗ್ರಾಮ ಪಂಚಾಯತಿನ ಕೈಯಲ್ಲಿ, ತಾಲೂಕು ಆಸ್ಪತ್ರೆ ಬ್ಲಾಕ್ ಪಂಚಾಯತಿನ ಕೈಯಲ್ಲಿ. ನಗರಸಭೆಯಲ್ಲಿ ಇದ್ದರೆ ಅದೇ ಆಸ್ಪತ್ರೆ ನಗರಸಭೆಯ ಕೈಗೆ. ಹೈಸ್ಕೂಲು ಪಂಚಾಯತ್ ಪ್ರದೇಶದಲ್ಲಿ ಜಿಲ್ಲಾ ಪಂಚಾಯತಿನದ್ದು, ನಗರಸಭೆಯಲ್ಲಿ ನಗರಸಭೆಯದ್ದು. ಅಂದರೆ ಆಸ್ಪತ್ರೆಗೆ ಹೊಸ ಕಟ್ಟಡ ಬೇಕು, ಶಾಲೆಗೆ ಶೌಚಾಲಯ ಬೇಕು ಅಂದರೆ ನಿಮ್ಮ ವಾರ್ಡಿನ ಕೌನ್ಸಿಲರನ್ನೇ ಹಿಡಿದು ಕೇಳಬಹುದು.

ಸ್ಥಾಯಿ ಸಮಿತಿಗಳೂ ಜಾಸ್ತಿ. ಗ್ರಾಮ ಪಂಚಾಯತಿನಲ್ಲಿ ನಾಲ್ಕು, ನಗರಸಭೆಯಲ್ಲಿ ಆರು. ಲೋಕೋಪಯೋಗಿಗೆ ಬೇರೆ, ಶಿಕ್ಷಣಕ್ಕೆ ಬೇರೆ. ಸದಸ್ಯರೂ ಜಾಸ್ತಿ. 2024ರ ತಿದ್ದುಪಡಿಯ ನಂತರ ಗ್ರಾಮ ಪಂಚಾಯತಿನಲ್ಲಿ 14ರಿಂದ 24, ನಗರಸಭೆಯಲ್ಲಿ 26ರಿಂದ 53. ಅದೇ ಜನಸಂಖ್ಯೆಗೆ ಜಾಸ್ತಿ ವಾರ್ಡು ಅಂದರೆ ವಾರ್ಡು ಸಣ್ಣದಾಗುತ್ತದೆ. ಸಣ್ಣ ಸಮುದಾಯಗಳಿಗೆ ಇದು ಒಳ್ಳೆಯದು. ಗಡಿ ಸರಿ ಎಳೆದರೆ ಮಾತ್ರ.

ಕಾಸರಗೋಡು ಪೇಟೆ

ನಮ್ಮದು 1966ರಿಂದ ನಗರಸಭೆ. ಜಿಲ್ಲೆಯಲ್ಲಿ ಮತ್ತೆರಡು, 1984ರಲ್ಲಿ ಕಾಞಂಗಾಡು, 2010ರಲ್ಲಿ ನೀಲೇಶ್ವರ. ಮೂರರಲ್ಲಿ ಎರಡು ದಕ್ಷಿಣದಲ್ಲಿ. ಕಾಸರಗೋಡಿನಿಂದ ಬಡಗು ದಿಕ್ಕಿಗೆ ತಲಪಾಡಿಯವರೆಗೆ ಒಂದೂ ಇಲ್ಲ. ಕೇರಳದಲ್ಲಿ 2015ರಲ್ಲಿ ಒಮ್ಮೆಗೇ 28 ಹೊಸ ನಗರಸಭೆ ಮಾಡಿದರು, ಆಗಲೂ ನಮ್ಮ ಬಡಗು ಭಾಗಕ್ಕೆ ಬರಲಿಲ್ಲ. ಹಾಗಾಗಿ ಉಪ್ಪಳದವರ ಬೇಡಿಕೆ ನ್ಯಾಯವಾದದ್ದೇ.

ಒಂದು ಮಾತು ಪೇಟೆಬದಿ ಅಣ್ಣನಿಗೆ. ಹೆದ್ದಾರಿಯ ನೀರು ನಗರಸಭೆ ಬಂದ ಕೂಡಲೇ ಇಳಿಯುವುದಿಲ್ಲ. ರಾಷ್ಟ್ರೀಯ ಹೆದ್ದಾರಿ ಮತ್ತು ಅದರ ಬದಿಯ ಚರಂಡಿ ಹೆದ್ದಾರಿಯವರ ಸುಪರ್ದಿ. ನಗರಸಭೆ ಮಾಡಬಹುದಾದ್ದು ಆ ನೀರು ಹೊರಬಿದ್ದ ನಂತರ ತೋಡಿಗೆ, ಹೊಳೆಗೆ ಹೋಗುವ ದಾರಿ. ಪೇಟೆಯೊಳಗಿನ ತೋಡು ಮುಚ್ಚಿ ಕಟ್ಟಡ ಆಗದಂತೆ ನೋಡುವುದು, ಮಾಸ್ಟರ್ ಪ್ಲಾನಿನಲ್ಲಿ ನೀರಿನ ದಾರಿ ಗುರುತಿಸುವುದು ಅದರ ಕೈಯಲ್ಲಿ ಉಂಟು. 2016ರ ನಗರ ಗ್ರಾಮ ಯೋಜನಾ ಕಾಯ್ದೆಯಲ್ಲಿ ಮಾಸ್ಟರ್ ಪ್ಲಾನ್ ಮಾಡುವ ಅಧಿಕಾರ ಪಂಚಾಯತಿಗೂ ಉಂಟು. ಅದಕ್ಕೆ ಇಂಜಿನಿಯರು, ಆರೋಗ್ಯ ವಿಭಾಗ, ಸಿಬ್ಬಂದಿ ಬೇಕು. ನಗರಸಭೆಯಲ್ಲಿ ಆ ವಿಭಾಗಗಳು ದೊಡ್ಡವು. ಬರುವ ಬಲ ಅದೇ.

ಅಕ್ಕಲಕೋಟೆ ಕನ್ನಡಿಗ

ನಾನು ಮಹಾರಾಷ್ಟ್ರದ ಗಡಿಯವನು. ನಮ್ಮ ರಾಜ್ಯದಲ್ಲಿ ತಾಲೂಕು ಕೇಂದ್ರಗಳಾಗಿದ್ದ ಗ್ರಾಮ ಪಂಚಾಯತಿಗಳನ್ನು ನಗರ ಪಂಚಾಯತಿ ಮಾಡುವ ನಿರ್ಧಾರ 2014ರಲ್ಲಿ ಆಯಿತು. ಅಂದರೆ ತಾಲೂಕು ಕಚೇರಿ ಇರುವ ಊರು ಹಳ್ಳಿ ಆಡಳಿತದಲ್ಲಿ ಇರಬಾರದು ಅನ್ನುವ ನಿಲುವು. ನಗರ ಪಂಚಾಯತಿಗೆ 17 ಸದಸ್ಯರು. ನಿಮಗೂ ಅದೇ 2014ರಲ್ಲಿ ತಾಲೂಕು ಬಂತು, ಪೇಟೆ ಆಡಳಿತ ಮಾತ್ರ ಬರಲಿಲ್ಲ.

ಆದರೆ ನಾನು ನೋಡಿದ ಒಂದು ತೊಂದರೆ ಹೇಳುತ್ತೇನೆ. ಅಧಿಕಾರ ಬರುವಾಗ ಅದರ ಜೊತೆ ಸಿಬ್ಬಂದಿ ಬರದಿದ್ದರೆ ಜನ ಹಳೆಯ ಕಚೇರಿಗೂ ಹೊಸ ಕಚೇರಿಗೂ ನಡುವೆ ಓಡಾಡಬೇಕಾಗುತ್ತದೆ. ಜನನ ಪ್ರಮಾಣಪತ್ರದ ಹಳೇ ರಿಜಿಸ್ಟರ್ ಯಾರ ಹತ್ತಿರ, ಮನೆ ನಂಬರ್ ಬದಲಾದರೆ ಬ್ಯಾಂಕಿನ ಕಾಗದ ಏನಾಗುತ್ತದೆ, ಇವೆಲ್ಲ ಮೊದಲೇ ಕೇಳಿಕೊಳ್ಳಿ.

ಗುಡ್ಡೆತೋಟ

ವಕೀಲೆ ಅಕ್ಕ ಹೇಳಿದ್ದು ಅರ್ಥ ಆಯಿತು. ಹಾಗಾದರೆ ನನ್ನ ಪ್ರಶ್ನೆ ಇದು. ಪೇಟೆಯವರಿಗೆ ನಗರಸಭೆ ಬೇಕಾದರೆ ಪೇಟೆಯಷ್ಟೇ ಮಾಡಿ. ಹೆದ್ದಾರಿ ಬದಿ, ಉಪ್ಪಳ, ನಯಾಬಝಾರ್, ಬಂದ್ಯೋಡು. ನಮ್ಮನ್ನು ಪಂಚಾಯತಿನಲ್ಲೇ ಬಿಡಿ. ಯಾಕೆ ಆಗಬಾರದು?

ಹಳೇಫೈಲು

ಕಾನೂನಿನಲ್ಲಿ ಆಗಬಾರದು ಅಂತ ಇಲ್ಲ. ಆದರೆ ತೋಟದ ಅಣ್ಣ, ಲೆಕ್ಕ ನೋಡಿ. ಪಂಚಾಯತಿನ ಸ್ವಂತ ಆದಾಯ ಎಲ್ಲಿಂದ? ಕಟ್ಟಡ ತೆರಿಗೆ, ವೃತ್ತಿ ತೆರಿಗೆ, ಅಂಗಡಿ ಲೈಸೆನ್ಸ್ ಫೀಸು. ದೊಡ್ಡ ಕಟ್ಟಡಗಳು, ಆಸ್ಪತ್ರೆ, ಆಡಿಟೋರಿಯಂ, ಜವಳಿ ಅಂಗಡಿ ಎಲ್ಲ ಪೇಟೆಯಲ್ಲಿ. ನಿಮ್ಮ ತೋಟದ ರಸ್ತೆಗೆ ಕಾಂಕ್ರೀಟ್ ಹಾಕುವ ಹಣದಲ್ಲಿ ಆ ಅಂಗಡಿಗಳ ಪಾಲೂ ಉಂಟು. ಪೇಟೆಯನ್ನು ಕತ್ತರಿಸಿ ತೆಗೆದರೆ ಉಳಿದ ಪಂಚಾಯತ್ ಹಸುವನ್ನು ಕೊಟ್ಟು ಹಗ್ಗ ಇಟ್ಟುಕೊಂಡ ಹಾಗೆ. ಸರ್ಕಾರದಿಂದ ಬರುವ ಅಭಿವೃದ್ಧಿ ನಿಧಿ, ನಿರ್ವಹಣಾ ನಿಧಿ, ಸಾಮಾನ್ಯ ನಿಧಿ ಬರುತ್ತದೆ, ಅದು ನಿಜ. ಆದರೆ ಸ್ವಂತ ಆದಾಯ ಇಲ್ಲದ ಪಂಚಾಯತಿಗೆ ಸ್ವಂತ ಮಾತೂ ಇರುವುದಿಲ್ಲ.

ಇಡೀ ಪಂಚಾಯತನ್ನು ನಗರಸಭೆ ಮಾಡಿದರೆ ಪೇಟೆಯ ಹಣ ನಿಮಗೂ ಬರುತ್ತದೆ, ಆದರೆ ಗ್ರಾಮೀಣ ಯೋಜನೆ ಹೋಗುತ್ತದೆ, ತೆರಿಗೆಯ ಮಿತಿ ಏರುತ್ತದೆ. ಕೇರಳದಲ್ಲಿ ಹೆಚ್ಚಾಗಿ ನಡೆದದ್ದು ಇಡೀ ಪಂಚಾಯತನ್ನು ಮೇಲೆ ಏರಿಸುವುದೇ. ಎರಡರಲ್ಲೂ ಕಷ್ಟ ಉಂಟು. ಯಾವ ಕಷ್ಟ ಸಹಿಸಬಹುದು ಅಂತ ನೀವೇ ಹೇಳಬೇಕು, ಪೇಟೆಯವರು ಹೇಳಲಿಕ್ಕೆ ಆಗುವುದಿಲ್ಲ.

ತೆರಿಗೆಯ ಬಗ್ಗೆ ಒಂದು ಸಮಾಧಾನ. 8ರಿಂದ 17 ಅನ್ನುವುದು ಮಿತಿ. ಅದರೊಳಗೆ ಎಷ್ಟು ಅಂತ ನಿಗದಿ ಮಾಡುವುದು ನೀವು ಆರಿಸಿದ ಕೌನ್ಸಿಲ್. ಇನ್ನೂ ಒಂದು, 60 ಚದರ ಮೀಟರಿನೊಳಗಿನ ಸ್ವಂತ ವಾಸದ ಮನೆಗೆ ತೆರಿಗೆ ವಿನಾಯಿತಿ ಉಂಟು.

ಕುಂಬಳೆ ಮಾಷ್ಟ್ರು

ಮೇಲಿನ ಮಾತೆಲ್ಲ ಓದಿದೆ. ಹಳೆಯ ಸಂಗತಿ ಒಂದೆರಡು ನೆನಪಿಸುತ್ತೇನೆ, ಇವತ್ತಿನ ವಿಷಯಕ್ಕೆ ಸಂಬಂಧ ಇರುವಷ್ಟು ಮಾತ್ರ.

1956ರ ನವೆಂಬರ್ 1ರವರೆಗೆ ನಾವು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯವರು. ಊರಿನ ಆಡಳಿತ ನಡೆಯುತ್ತಿದ್ದದ್ದು ಮದ್ರಾಸಿನ ಕಾಯ್ದೆಗಳ ಮೇಲೆ. ಕೇರಳ ಆದ ಮೇಲೆ 1960ರಲ್ಲಿ ಒಂದು ಪಂಚಾಯತ್ ಕಾಯ್ದೆ, ಒಂದು ಮುನಿಸಿಪಾಲಿಟಿ ಕಾಯ್ದೆ ಬಂತು. ಮತ್ತೆ 1994ರಲ್ಲಿ ಈಗಿನವು. ಎರಡು ಸಲ ಕಾನೂನು ಬದಲಾಯಿತು. ಯಾವ ಸಲವೂ ಗಡಿಯ ಕನ್ನಡದ ಊರುಗಳು ಒಟ್ಟು ಕೂತು ನಮಗೆ ಎಂಥ ಆಡಳಿತ ಬೇಕು ಅಂತ ಮೊದಲೇ ಬರೆದು ಕೊಟ್ಟದ್ದು ನಾನು ಕಂಡಿಲ್ಲ. ಆದೇಶ ಬಂದ ಮೇಲೆ ಪ್ರತಿಭಟನೆ ಮಾಡಿದ್ದೇವೆ. ಪೇಟೆಬದಿಯವರು ಮೊದಲೇ ಮಾತಾಡೋಣ ಅಂತ ಹೇಳಿದ್ದಾರಲ್ಲ, ಅದು ನನಗೆ ತುಂಬಾ ಮುಖ್ಯ ಅನ್ನಿಸಿತು.

ಪಂಚಾಯತನ್ನು ಕೀಳಾಗಿ ನೋಡಬೇಡಿ ಅಂತಲೂ ಹೇಳುತ್ತೇನೆ. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಬದಿಯಡ್ಕ ಪಂಚಾಯತಿನ ಅಧ್ಯಕ್ಷರಾಗಿ ಕೆಲಸ ಮಾಡಿದವರು. ಕಾಸರಗೋಡಿನ ಕನ್ನಡಕ್ಕಾಗಿ ಜೀವನವಿಡೀ ಹೋರಾಡಿದ ಮನುಷ್ಯ ಊರಿನ ರಸ್ತೆ, ಬಾವಿ, ಶಾಲೆಯ ಕೆಲಸವನ್ನೂ ಅಷ್ಟೇ ತನ್ನದು ಅಂತ ತಿಳಿದರು. ಸ್ಥಳೀಯ ಆಡಳಿತದಲ್ಲಿ ಕೂತರೆ ಮಾತ್ರ ಭಾಷೆಯೂ ಉಳಿಯುತ್ತದೆ ಅಂತ ಅವರಿಗೆ ಗೊತ್ತಿತ್ತು ಅಂತ ನನ್ನ ನಂಬಿಕೆ.

ಈಗ ನನ್ನ ಚಿಂತೆ ಬ್ಲಾಕಿನದ್ದು. ಮಂಜೇಶ್ವರ ಬ್ಲಾಕಿನಲ್ಲಿ ಮಂಜೇಶ್ವರ, ವರ್ಕಾಡಿ, ಮೀಂಜ, ಮಂಗಲ್ಪಾಡಿ, ಪೈವಳಿಕೆ, ಪುತ್ತಿಗೆ, ಎಣ್ಮಕಜೆ ಸೇರಿ ಏಳು ಪಂಚಾಯತ್. ಮಂಗಲ್ಪಾಡಿ ಹೊರಟರೆ ಆರು. ಬ್ಲಾಕಿನ ಹಣವೂ ಬಲವೂ ಕಡಿಮೆ ಆಗುತ್ತದೆ. ತಾಲೂಕು ಆಸ್ಪತ್ರೆ ಉಪ್ಪಳದ ನಗರಸಭೆಗೆ ಹೋದರೆ ಪೆರ್ಲದಿಂದ, ವರ್ಕಾಡಿಯಿಂದ ಬರುವ ರೋಗಿಯ ಪರವಾಗಿ ಮಾತಾಡಲಿಕ್ಕೆ ಯಾರು? ಈಗ ಬ್ಲಾಕ್ ಪಂಚಾಯತಿನಲ್ಲಿ ಅವರ ಸದಸ್ಯರಿದ್ದಾರೆ. ಇದನ್ನೂ ಯೋಚಿಸಿ.

ವಿದ್ಯಾನಗರ ವಕೀಲೆ

ಮಾಷ್ಟ್ರೇ, ಆಸ್ಪತ್ರೆಯ ಮಾತು ನಾನು ಯೋಚಿಸಿರಲಿಲ್ಲ. ಆಸ್ಪತ್ರೆ ನಿರ್ವಹಣಾ ಸಮಿತಿಯಲ್ಲಿ ಉಳಿದ ಆರು ಪಂಚಾಯತಿನ ಅಧ್ಯಕ್ಷರಿಗೂ ಜಾಗ ಬೇಕು ಅಂತ ಬೇಡಿಕೆಯಲ್ಲಿ ಸೇರಿಸಬೇಕು.

ಇನ್ನು ಭಾಷೆ. ಇಲ್ಲಿ ಹುಷಾರಾಗಿರಬೇಕು. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲಿ ಸರ್ಕಾರಕ್ಕೆ ಬರೆಯುವ ಹಕ್ಕು ಕೊಟ್ಟಿದೆ. ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. ಆದರೆ ಆ ಕಾಯ್ದೆಯ ಮಾತನ್ನು ನಿಧಾನ ಓದಿ. ಸೆಕ್ರೆಟೇರಿಯಟ್, ಇಲಾಖಾ ಮುಖ್ಯಸ್ಥರ ಕಚೇರಿ, ಭಾಷಾ ಅಲ್ಪಸಂಖ್ಯಾತ ಪ್ರದೇಶದಲ್ಲಿರುವ ರಾಜ್ಯ ಸರ್ಕಾರದ ಸ್ಥಳೀಯ ಕಚೇರಿಗಳು, ಹೀಗೆ ಅದರಲ್ಲಿ ಉಂಟು. ತಾಲೂಕು ಕಚೇರಿ ರಾಜ್ಯ ಸರ್ಕಾರದ ಕಚೇರಿ, ಸಂಶಯ ಇಲ್ಲ. ನಗರಸಭೆ ಚುನಾಯಿತ ಸ್ಥಳೀಯ ಸರ್ಕಾರ. ಅದು ಈ ಸಾಲಿನೊಳಗೆ ಬರುತ್ತದಾ ಅಂತ ನಾಳೆ ಯಾರಾದರೂ ತಕರಾರು ತೆಗೆದರೆ ವರ್ಷಗಟ್ಟಲೆ ಕೋರ್ಟಿಗೆ ಅಲೆಯಬೇಕು.

ಅದಕ್ಕೆ ದಾರಿ ಮೊದಲೇ ಮಾಡಿಕೊಳ್ಳಬೇಕು. ನಗರಸಭೆಗೆ ತನ್ನದೇ ಉಪವಿಧಿ ಮಾಡುವ ಅಧಿಕಾರ ಉಂಟು, ಸರ್ಕಾರದ ಒಪ್ಪಿಗೆ ಪಡೆದು. ಮೊದಲ ಕೌನ್ಸಿಲ್ಲಿನ ಮೊದಲ ಕೆಲವು ಸಭೆಗಳಲ್ಲೇ ತೆರಿಗೆ ನೋಟಿಸು, ಅರ್ಜಿ ನಮೂನೆ, ವಾರ್ಡು ಸಭೆಯ ಸೂಚನೆ ಕನ್ನಡದಲ್ಲೂ ಇರಬೇಕು ಅಂತ ನಿರ್ಣಯ ಆಗಬೇಕು. ಜಿಲ್ಲೆ ಅಥವಾ ಅದಕ್ಕಿಂತ ಸಣ್ಣ ಪ್ರದೇಶದಲ್ಲಿ ಶೇಕಡ 15ಕ್ಕಿಂತ ಕಡಿಮೆ ಇಲ್ಲದಷ್ಟು ಜನ ಆಡುವ ಭಾಷೆಗೆ ಮುಖ್ಯ ನಿಯಮ, ನೋಟಿಸುಗಳನ್ನು ಅನುವಾದಿಸಿ ಪ್ರಕಟಿಸಬೇಕು ಅನ್ನುವುದು ಭಾಷಾ ಅಲ್ಪಸಂಖ್ಯಾತರ ರಕ್ಷಣೆಗೆ ದೇಶದಲ್ಲಿ ಒಪ್ಪಿಕೊಂಡ ಕ್ರಮ. ಸಂವಿಧಾನದ 350ನೇ ವಿಧಿ ರಾಜ್ಯದಲ್ಲಿ ಬಳಸುವ ಯಾವ ಭಾಷೆಯಲ್ಲಿ ಬೇಕಾದರೂ ಅಹವಾಲು ಕೊಡುವ ಹಕ್ಕು ಕೊಟ್ಟಿದೆ. ಇವನ್ನೆಲ್ಲ ಬೇಡಿಕೆ ಪತ್ರದಲ್ಲೇ ಬರೆಯಿರಿ.

ಹನಫಿಬಝಾರ್

ಕನ್ನಡದ ಮಾತು ಬಂದದ್ದಕ್ಕೆ ಹೇಳುತ್ತೇನೆ, ನಮ್ಮ ಮನೆಮಾತು ಉರ್ದು. ಓದಿದ್ದು ಕನ್ನಡ ಶಾಲೆಯಲ್ಲಿ. ವ್ಯಾಪಾರ ತುಳು, ಮಲಯಾಳ, ಬ್ಯಾರಿ ಯಾವುದರಲ್ಲಾದರೂ. ಒಂದು ಕಚೇರಿಯಿಂದ ನನ್ನ ಅಮ್ಮನಿಗೆ ಬಂದ ನೋಟಿಸು ಮಲಯಾಳದಲ್ಲಿ ಇತ್ತು. ಓದಿಸಲಿಕ್ಕೆ ಪಕ್ಕದ ಮನೆಗೆ ಹೋಗಬೇಕಾಯಿತು. ಕೊನೆಯ ದಿನಾಂಕ ಅದರಲ್ಲೇ ಇತ್ತು, ದಾಟಿ ಹೋಗಿತ್ತು. ಆದ್ದರಿಂದ ಕನ್ನಡದಲ್ಲಿ ಕಾಗದ ಬೇಕು ಅನ್ನುವುದು ಒಂದು ಜಾತಿಯ, ಒಂದು ಪಕ್ಷದ ಬೇಡಿಕೆ ಅಂತ ಯಾರೂ ಮಾಡಬೇಡಿ. ಮಲಯಾಳ ಓದುವವರಿಗೆ ಮಲಯಾಳದಲ್ಲಿ ಸಿಗಲಿ, ಕನ್ನಡ ಓದುವವರಿಗೆ ಕನ್ನಡದಲ್ಲಿ ಸಿಗಲಿ.

ವಾರ್ಡು ಗಡಿಯಲ್ಲೂ ಹಾಗೇ. ಒಂದು ಕೇರಿಯನ್ನು ಎರಡು ವಾರ್ಡಿಗೆ ಹಂಚಿದರೆ ಆ ಕೇರಿಗೆ ಎಲ್ಲೂ ಬೆಲೆ ಇರುವುದಿಲ್ಲ.

ಹಳೇಫೈಲು

ವಾರ್ಡು ಎಳೆಯುವುದು ಪಂಚಾಯತ್ ಅಲ್ಲ, ಶಾಸಕರೂ ಅಲ್ಲ. ರಾಜ್ಯ ಚುನಾವಣಾ ಆಯುಕ್ತರು ಅಧ್ಯಕ್ಷರಾಗಿರುವ ಡಿಲಿಮಿಟೇಷನ್ ಆಯೋಗ. ಮೊದಲು ಕರಡು ಪ್ರಕಟ ಆಗುತ್ತದೆ, ಆಕ್ಷೇಪ ಸಲ್ಲಿಸಲಿಕ್ಕೆ ಸಮಯ ಕೊಡುತ್ತಾರೆ, ವಿಚಾರಣೆ ಇರುತ್ತದೆ. ಸುಮ್ನೆ ಬೇಡ ಅಂತ ಬರೆದರೆ ಫೈಲಿಗೆ ಹೋಗುತ್ತದೆ. ಈ ತೋಡು, ಈ ರಸ್ತೆ, ಈ ಮನೆ ನಂಬರಿನಿಂದ ಈ ನಂಬರಿನವರೆಗೆ ಅಂತ ಗಡಿ ಹೇಳಿ ಬರೆದರೆ ಓದುತ್ತಾರೆ.

ಸಮಯದ ಲೆಕ್ಕವನ್ನೂ ಹೇಳುತ್ತೇನೆ. ಈಗಿನ ಆಡಳಿತ ಸಮಿತಿಗಳ ಅವಧಿ ಐದು ವರ್ಷ. ಮುಂದಿನ ಚುನಾವಣೆ 2030ರಲ್ಲಿ. ಹೊಸ ನಗರಸಭೆ ಮಾಡುವುದಾದರೆ ಅದಕ್ಕೆ ಮೊದಲು ಮಾಡಬೇಕು, 2015ರಲ್ಲಿಯೂ ಚುನಾವಣೆಗೆ ಮುಂಚೆಯೇ ಮಾಡಿದ್ದು. ಅಧಿಸೂಚನೆ, ವಾರ್ಡು, ಮೀಸಲಾತಿ, ಮತದಾರರ ಪಟ್ಟಿ ಎಲ್ಲ ಒಂದರ ಹಿಂದೆ ಒಂದು ಬರುತ್ತದೆ. ಆಗ ಉಸಿರಾಡಲಿಕ್ಕೂ ಪುರುಸೊತ್ತು ಇರುವುದಿಲ್ಲ.

ಗುಡ್ಡೆತೋಟ

ನನ್ನ ವಿರೋಧ ಪೂರ್ತಿ ಹೋಗಿಲ್ಲ. ಆದರೆ ಪೇಟೆಯನ್ನು ಕತ್ತರಿಸಿ ತೆಗೆಯುವ ಮಾತನ್ನು ಹಿಂದೆ ತೆಗೆಯುತ್ತೇನೆ, ಹಳೇಫೈಲಿನವರ ಲೆಕ್ಕ ಸರಿ ಉಂಟು. ನನ್ನ ಷರತ್ತು ಇಷ್ಟು. ಇಡೀ ಪಂಚಾಯತ್ ನಗರಸಭೆ ಆಗುವುದಾದರೆ ಕೃಷಿ ಭವನ ಈಗಿನ ಹಾಗೇ ಇರಬೇಕು. ಒಳಗಿನ ವಾರ್ಡಿನ ಮನೆಗಳಿಗೆ ತೆರಿಗೆ ಮಿತಿಯ ಕೆಳಗಿನ ತುದಿಯಲ್ಲೇ ಇರಬೇಕು. ಪೇಟೆಯ ತೆರಿಗೆಯಲ್ಲಿ ಒಳಗಿನ ರಸ್ತೆಗಳಿಗೆ ಪಾಲು ಎಷ್ಟು ಅಂತ ನಿರ್ಣಯದಲ್ಲಿ ಬರೆಯಬೇಕು. ಬಾಯಿ ಮಾತು ಬೇಡ.

ಅಯಲ್ಕೂಟದ ಅಕ್ಕ

ನನ್ನದು ಒಂದೇ. ಕೆಲಸ ಒಂದು ತಿಂಗಳೂ ತಪ್ಪಬಾರದು. ಅದು ಮೊದಲ ಸಾಲಿನಲ್ಲಿ ಇರಲಿ.

ಮತ್ತೆ ಇದನ್ನೆಲ್ಲ ಎಲ್ಲಿ ಹೇಳುವುದು? ಗ್ರಾಮಸಭೆಗೆ ನಾವು ಹೋದರೆ ಮನೆ, ಕೋಳಿ, ಆಡು, ತೆಂಗಿನ ಸಸಿಯ ಪಟ್ಟಿ ಓದುತ್ತಾರೆ, ಸಹಿ ಹಾಕಿಸಿಕೊಳ್ಳುತ್ತಾರೆ, ಚಾ ಕುಡಿದು ಬರುತ್ತೇವೆ. ಊರಿನ ಆಡಳಿತ ಬದಲಾಗುವ ವಿಷಯ ಅಲ್ಲಿ ಯಾರು ಎತ್ತುತ್ತಾರೆ?

ಹಳೇಫೈಲು

ನೀವೇ ಎತ್ತಬಹುದು ಅಕ್ಕ. ಗ್ರಾಮಸಭೆ ಮೂರು ತಿಂಗಳಿಗೊಮ್ಮೆ ಸೇರಬೇಕು, ಕೋರಂ, ಅಂದರೆ ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಾತಿ, ವಾರ್ಡಿನ ಮತದಾರರಲ್ಲಿ ಶೇಕಡ 10. ಅದು ಬಿಟ್ಟು, ಮತದಾರರಲ್ಲಿ ಶೇಕಡ 10 ಮಂದಿ ಸಹಿ ಹಾಕಿ ವಿಷಯ ಬರೆದು ಕೊಟ್ಟರೆ ಸಂಚಾಲಕರಾದ ವಾರ್ಡು ಮೆಂಬರ್ ವಿಶೇಷ ಗ್ರಾಮಸಭೆ ಕರೆಯಬೇಕು. ಕಾಯ್ದೆಯಲ್ಲೇ ಉಂಟು. ನಿರ್ಣಯವನ್ನು ಮಿನಿಟ್ಸ್ ಪುಸ್ತಕದಲ್ಲಿ ಬರೆಸಿ, ನಕಲು ಕೇಳಿ ತೆಗೆದುಕೊಳ್ಳಿ. ಒಂದೆರಡು ವಾರ್ಡಿನಿಂದ ಬಂದರೆ ಸಾಲದು, ಹೆದ್ದಾರಿ ಬದಿಯದ್ದು, ಕಡಲ ಬದಿಯದ್ದು, ಒಳಗಿನದ್ದು ಎಲ್ಲ ಬರಬೇಕು. ಮುಸೋಡಿಯ ಕಡಲು ಕೊರೆಯುವ ಜಾಗದವರ ಮಾತು ಇಲ್ಲಿ ಇನ್ನೂ ಬಂದೇ ಇಲ್ಲ.

ಪೇಟೆಬದಿ

ಸರಿ. ಅರ್ಜಿಯ ಕರಡು ನಾನು ಬರೆಯುತ್ತೇನೆ. ಉದ್ಯೋಗ ಖಾತರಿ ಮೊದಲು, ಆಮೇಲೆ ಗಡಿ, ತೆರಿಗೆಯ ಪಾಲು, ಆಸ್ಪತ್ರೆ ಸಮಿತಿ, ಕನ್ನಡದ ನೋಟಿಸು. ವಕೀಲೆ ಅಕ್ಕ, ಕಾನೂನಿನ ಸಾಲುಗಳನ್ನು ನೀವು ತಿದ್ದಿ ಕೊಡಬೇಕು. ಹನಫಿಬಝಾರಿನವರೇ, ಮಲಯಾಳದ ಪ್ರತಿ ನೀವು ಮಾಡುತ್ತೀರಾ? ಕಡಲ ಬದಿಯ ವಾರ್ಡಿನವರು ಯಾರಾದರೂ ಇಲ್ಲಿ ಇದ್ದರೆ ಬರೆಯಿರಿ, ನಾನೇ ಬಂದು ಮಾತಾಡುತ್ತೇನೆ.

ಹನಫಿಬಝಾರ್

ಮಾಡುತ್ತೇನೆ. ಮುಸೋಡಿಯಲ್ಲಿ ನಮ್ಮ ಸಂಬಂಧಿಕರಿದ್ದಾರೆ, ಅವರ ಹತ್ತಿರ ಕೇಳಿ ಹೇಳುತ್ತೇನೆ. ಆದರೆ ಶುಕ್ರವಾರ ಮಧ್ಯಾಹ್ನ ಸಭೆ ಇಡಬೇಡಿ.

ಅಯಲ್ಕೂಟದ ಅಕ್ಕ

ಆದಿತ್ಯವಾರ ಇಡಿ. ಕೆಲಸದ ದಿನ ಇಟ್ಟರೆ ನಮ್ಮ ಹೆಂಗಸರಿಗೆ ಬರಲಿಕ್ಕೆ ಆಗುವುದಿಲ್ಲ. ನಮ್ಮ ವಾರ್ಡಿನ ಸಹಿ ನಾನು ಮಾಡಿಸಿ ಕೊಡುತ್ತೇನೆ.